ಮೀಟರ್‌ನಿಂದ ಫೂಟಿಗೆ: ಪಾಯಿಂಟ್ ಮುಂದಿನದು ಇಂಚಲ್ಲ

ಹಿತ್ತಲಿಗೆ ಕಬ್ಬಿಣದ ಬಾಗಿಲು ಮಾಡಿಸೋಣ ಅಂತ ಎತ್ತರ ಅಳೆದೆ, 2.1 ಮೀಟರ್ ಬಂತು. ಹುಬ್ಬಳ್ಳಿಯ ಗ್ರಿಲ್ ಅಂಗಡಿಯಲ್ಲಿ ಮೀಟರ್ ಲೆಕ್ಕ ಯಾರಿಗೆ ಬೇಕು? ಮೊಬೈಲ್‌ನಲ್ಲಿ ಫೂಟಿಗೆ ತಿರುಗಿಸಿದೆ, 6.89 ಅಂತ ತೋರಿಸಿತು, ಅದನ್ನೇ ಚೀಟಿಯಲ್ಲಿ ಬರೆದು ಕೊಟ್ಟೆ. "ಆರು ಫೂಟ್ ಒಂಬತ್ತ್ ಇಂಚ್ ಹಿಡೀಲೇನ್ರೀ ಸರ?" ಅಂತ ಅವರು ಕೇಳಿದರು, ನಾನೂ ಹೂಂ ಅಂದುಬಿಟ್ಟೆ. ಬಾಗಿಲು ಬಂತು, ಕೆಳಗೆ ಒಂದೂಮುಕ್ಕಾಲು ಇಂಚು ಸಂದು. ಇಲಿಗಳಿಗೆ ಒಳ್ಳೆಯ ದಾರಿ ಆಯ್ತು.

ಫೂಟಿಗೆ ಇಂಚು 12, ಹತ್ತಲ್ಲ. ಹಾಗಾಗಿ .89 ಅನ್ನು 12ರಿಂದ ಗುಣಿಸಬೇಕಿತ್ತು, 10.68 ಬರುತ್ತಿತ್ತು, ಅಂದರೆ 6 ಫೂಟು ಹತ್ತೂಮುಕ್ಕಾಲು ಇಂಚಿಗೆ ಕೂದಲೆಳೆ ಕಡಿಮೆ.

ಈ ಪಾಯಿಂಟಿನ ಗೊಡವೆಯೇ ಬೇಡ ಅನ್ನೋರು ಮೊದಲು ಇಂಚಿಗೆ ಬನ್ನಿ. ಒಂದು ಇಂಚು ಅಂದರೆ ಸರಿಯಾಗಿ 2.54 ಸೆಂಟಿಮೀಟರ್. 210 ಅನ್ನು 2.54ರಿಂದ ಭಾಗಿಸಿದರೆ 82.68 ಇಂಚು. ಅದರಲ್ಲಿ ಆರು ಹನ್ನೆರಡಲೆ ಎಪ್ಪತ್ತೆರಡು ಹೋಯ್ತು, ಉಳಿದದ್ದು 10.68 ಇಂಚು, ಮುಗೀತು. ಅಳತೆ ಎಂಎಂನಲ್ಲಿದ್ದರೆ 25.4ರಿಂದ ಭಾಗಿಸಿ. ಚೀಟಿಯಲ್ಲಿ ಫೂಟಿನ ಪಕ್ಕ ಎಂಎಂ ಕೂಡ ಬರೆಯಿರಿ, ಟೇಪಿನ ಮೇಲೆ ಎರಡೂ ಇರುತ್ತವೆ ಅಲ್ವಾ?

ಬಾಯಿಲೆಕ್ಕಕ್ಕೆ 10 ಸೆಂಟಿಮೀಟರ್ ಅಂದರೆ 4 ಇಂಚು ಅಂತ ಹಿಡಿಯಬಹುದು. ಸಣ್ಣ ಅಳತೆಗೆ ನಡೆಯುತ್ತದೆ, ಆದರೆ 3 ಮೀಟರ್ ಗೋಡೆಗೆ ಹೀಗೆ ಹಿಡಿದರೆ ಸುಮಾರು 2 ಇಂಚು ಜಾಸ್ತಿ ಬರುತ್ತದೆ. ಕಿಲೋಮೀಟರನ್ನು ಮೈಲಿ ಮಾಡಲು 5ರಿಂದ ಗುಣಿಸಿ 8ರಿಂದ ಭಾಗಿಸಿ. ಅಂದ ಹಾಗೆ ಒಂದು ಮೈಲಿ ಅಂದರೆ 1609 ಮೀಟರ್, ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಕೂಡ ಒಂದು ಮೈಲಿ ಆಗಲ್ಲ!

ಜಾಸ್ತಿ ಹುಷಾರಾಗಿರಬೇಕಾದ್ದು ಪ್ಲಾಟ್ ಕೊಳ್ಳುವಾಗ. ಬಾಯಲ್ಲಿ "ಮೂವತ್ತು-ನಲ್ವತ್ತು" ಅಂತಾರೆ, ಉತಾರ (ಜಾಗದ ದಾಖಲೆ ಪತ್ರ) ತೆಗೆದು ನೋಡಿದರೆ 9 ಮೀಟರ್, 12 ಮೀಟರ್ ಅಂತ ಇರಬಹುದು. 9 ಮೀಟರ್ ಅಂದರೆ 29 ಫೂಟು ಆರೂಕಾಲು ಇಂಚಿನ ಮೇಲೆ ಒಂಚೂರು, 12 ಮೀಟರ್ ಅಂದರೆ 39 ಫೂಟು ನಾಲ್ಕೂವರೆ ಇಂಚಿನ ಹತ್ತಿರ. ಬರೀ ಇಂಚುಗಳದ್ದಲ್ವಾ ಅನ್ನಿಸುತ್ತದೆ, ಆದರೆ ಕ್ಷೇತ್ರಫಲ ತೆಗೆದರೆ 108 ಚದರ ಮೀಟರ್. ಮೀಟರನ್ನು ಫೂಟು ಮಾಡುವ 3.28ರಿಂದ ಇಲ್ಲಿ ಗುಣಿಸಬೇಡಿ, ಚದರಕ್ಕೆ 10.764 ಬೇಕು. ಬರುವುದು 1162 ಚದರ ಫೂಟು ಚಿಲ್ಲರೆ, ಅಂದರೆ 1200ಕ್ಕೆ ಸುಮಾರು 37 ಕಡಿಮೆ. ರೇಟು ಚದರ ಫೂಟಿನ ಮೇಲೆ ಇದ್ದರೆ ಮುಂಗಡ ಕೊಡುವ ಮೊದಲೇ ಈ 37ರ ಮಾತು ತೆಗೆಯಿರಿ.