ಹಳೆಯದನ್ನು ಬಿಚ್ಚುತ್ತಾ ಕಲಿಯುವ ಮನೆಹೊಲಿಗೆ

ಮನೆಯಲ್ಲೇ ಹೊಲಿಗೆ ಕಲಿಯಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಹೊಸ ಬಟ್ಟೆ ತಂದು, ನೆಲದ ಮೇಲೆ ಹರಡಿ, ನೇರವಾಗಿ ಕತ್ತರಿ ಹಿಡಿಯುತ್ತಾರೆ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲವಾದ್ದರಿಂದ ಮೊದಲ ಕುಪ್ಪಸ ಕೆಟ್ಟೊಡನೆ ಮೆಷಿನ್ನಿನ ಮೇಲೆ ಹೊದಿಕೆ ಬೀಳುತ್ತದೆ. ಇದಕ್ಕಿಂತ ಸುಲಭವಾದ ದಾರಿಯೆಂದರೆ, ಒಬ್ಬ ದರ್ಜಿ ಈಗಾಗಲೇ ಹೊಲಿದಿಟ್ಟಿರುವ, ಆದರೆ ಈಗ ಮೈಗೆ ಸರಿಯಾಗಿ ಕೂರದ ಬಟ್ಟೆಯನ್ನು ಬಿಚ್ಚಿ ಸರಿಪಡಿಸುವುದು. ಬಿಚ್ಚುವಾಗ ಯಾವ ಹೊಲಿಗೆ ಮೊದಲು ಬಿದ್ದಿದೆ, ಯಾವುದು ಕೊನೆಯದು, ಎಲ್ಲಿ ಎಷ್ಟು ಬಟ್ಟೆ ಒಳಗೆ ಮಡಚಿದ್ದಾರೆ ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಗೆ ಮುಂಚಿನ ವಾರಗಳಲ್ಲಿ, ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾದ ಕಡೆ ಚೌತಿಯ ಮುಂಚೆ, ದರ್ಜಿಗಳ ಬಳಿ ಹೊಸ ಬಟ್ಟೆಗಳ ರಾಶಿಯೇ ಇರುವಾಗ ಅರ್ಧ ಇಂಚು ಸಡಿಲ ಮಾಡಿಕೊಡಿ ಎನ್ನುವ ಕೆಲಸ ಸಹಜವಾಗಿಯೇ ಹಿಂದೆ ಬೀಳುತ್ತದೆ.

ಮೆಷಿನ್, ಎಣ್ಣೆ, ಸೂಜಿ

ಮನೆಯಲ್ಲಿ ಅಮ್ಮನದೋ ಅಜ್ಜಿಯದೋ ಕಾಲಿನಿಂದ ತುಳಿಯುವ ಕಪ್ಪು ಮೆಷಿನ್ ಇದ್ದರೆ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ನೇರ ಹೊಲಿಗೆಗೆ ಅದು ಧಾರಾಳವಾಗಿ ಸಾಕು. ಮಳೆಗಾಲದಲ್ಲಿ ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ ಕರಾವಳಿಯ ಉಪ್ಪುಗಾಳಿಯೂ ಜೂನಿನಿಂದ ಸೆಪ್ಟೆಂಬರಿನವರೆಗಿನ ತೇವವೂ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೊಮ್ಮೆ ಮೆಷಿನ್ ತುಳಿದು, ಎಣ್ಣೆ ತೂತುಗಳಿಗೆ ಒಂದೊಂದು ಹನಿ ಮೆಷಿನ್ ಎಣ್ಣೆ ಬಿಡಬೇಕು. ಆಮೇಲೆ ಹಳೆಯ ಚಿಂದಿಯ ಮೇಲೆ ಸ್ವಲ್ಪ ಹೊಲಿದರೆ ಹೆಚ್ಚಾದ ಎಣ್ಣೆ ಅದಕ್ಕೇ ಹತ್ತಿ, ಒಳ್ಳೆಯ ಬಟ್ಟೆ ಉಳಿಯುತ್ತದೆ. ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ಉಂಟು, ಅದನ್ನು ಕೈಬಿಡಬೇಕು. ತೆಂಗಿನೆಣ್ಣೆ ದಿನ ಕಳೆದಂತೆ ಅಂಟಾಗಿ ದೂಳು ಹಿಡಿಯುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಘಟ್ಟದ ಮೇಲಿನ ಚಳಿಗಾಲದ ಬೆಳಿಗ್ಗೆ ಶೀಶೆಯಲ್ಲಿ ಆಗುವುದೇ ಮೆಷಿನ್ನಿನೊಳಗೂ ಆಗುತ್ತದೆ.

ಸೂಜಿಯ ನಂಬರು ಬಟ್ಟೆಗೆ ಹೊಂದಬೇಕು. ತೆಳು ರೇಷ್ಮೆ, ವಾಯಿಲ್‌ಗೆ 11, ಸಾಮಾನ್ಯ ಹತ್ತಿ ಮತ್ತು ಪಾಪ್ಲಿನ್‌ಗೆ 14, ದಪ್ಪ ಪ್ಯಾಂಟಿಗೆ 16, ಜೀನ್ಸಿನ ಮಡಿಕೆಗೆ 18. ಮನೆಮೆಷಿನ್ನಿನ ಸೂಜಿಯ ಬುಡ ಒಂದು ಬದಿಯಲ್ಲಿ ಚಪ್ಪಟೆಯಾಗಿದ್ದು, ಅದರ ಎದುರು ಬದಿಯಲ್ಲಿ ಮೇಲಿನಿಂದ ಕಣ್ಣಿನವರೆಗೆ ಉದ್ದನೆಯ ಗೀರು ಇರುತ್ತದೆ. ದಾರ ಯಾವ ಬದಿಯಿಂದ ಕಣ್ಣಿನೊಳಗೆ ಹೋಗುತ್ತದೆಯೋ ಆ ಬದಿಗೆ ಗೀರು ಬರುವಂತೆ ಸೂಜಿ ಕೂರಿಸಬೇಕು. ತಿರುಗುಮುರುಗಾದರೆ ಹೊಲಿಗೆ ಬೀಳದೆ ಬಿಟ್ಟುಹೋಗುತ್ತದೆ, ದಾರ ಹರಿಯುತ್ತದೆ. ಮೇಲಿನ ದಾರವನ್ನು ಪೋಣಿಸುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಮೇಲೆತ್ತಿರಬೇಕು, ಏಕೆಂದರೆ ಆಗ ಮಾತ್ರ ಬಿಗಿತದ ಬಿಲ್ಲೆಗಳು ತೆರೆದು ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕುಸಿಕ್ಕಾಗಿ ಗಂಟು ಕಟ್ಟಿಕೊಂಡರೆ ಎಲ್ಲರೂ ಮೊದಲು ಅಡಿಯ ದಾರದ ಉರುಳೆ ಕೂರುವ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸುತ್ತಾರೆ. ದೋಷ ಬಹುಪಾಲು ಮೇಲಿನ ದಾರದಲ್ಲಿರುತ್ತದೆ. ಅದನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ ನೋಡಿದ ನಂತರವೇ ಬೇರೆಯದಕ್ಕೆ ಕೈ ಹಾಕುವುದು ಒಳ್ಳೆಯದು.

ಇನ್ನು ಬೇಕಾದದ್ದು ಬಟ್ಟೆಗೆಂದೇ ಮೀಸಲಾದ ಕತ್ತರಿ, ಟೇಪು, ಗುರುತು ಹಾಕುವ ಚಾಕ್ ಸೀಮೆಸುಣ್ಣ, ಗುಂಡುಸೂಜಿ, ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ಮತ್ತು ಇಸ್ತ್ರಿಪೆಟ್ಟಿಗೆ. ಹಳೆಯ ಟೇಪು ಜಗ್ಗಿ ಉದ್ದವಾಗಿರಬಹುದಾದ್ದರಿಂದ ಒಮ್ಮೆ ಉಕ್ಕಿನ ಅಳತೆಪಟ್ಟಿಯ ಜೊತೆ ಇಟ್ಟು ನೋಡಬೇಕು. ಮಳೆಗಾಲದಲ್ಲಿ ಗುಂಡುಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಮಲಗಿದರೆ ಬಿಳಿ ಬಟ್ಟೆಯ ಮೇಲೆ ತುಕ್ಕಿನ ಚುಕ್ಕೆ ಉಳಿಯುತ್ತದೆ. ಆ ಕಲೆ ಸೋಪಿಗೆ ಹೋಗುವುದಿಲ್ಲ.

ಬಿಚ್ಚುವ ಮೊದಲು

ಯಾವ ಬಟ್ಟೆಯನ್ನೇ ಆಗಲಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಳೆಯಬೇಕು. ಜಗಲಿಯ ಹಗ್ಗದ ಮೇಲೆಯೋ ಬಚ್ಚಲ ಒಲೆಯ ಕಾವಿನಲ್ಲಿಯೋ ಒಣಗಿದ ಬಟ್ಟೆ ಕೈಗೆ ಒಣಗಿದಂತೆ ಅನ್ನಿಸಿದರೂ ಒಳಗೆ ತೇವ ಉಳಿದಿರುತ್ತದೆ. ಹತ್ತಿಯ ಬಟ್ಟೆ ತೇವದಲ್ಲಿ ಜಗ್ಗುವುದರಿಂದ ಅಳತೆಯೂ ಸುಳ್ಳಾಗುತ್ತದೆ. ಹೊಸ ಲೈನಿಂಗ್ ಬಟ್ಟೆಯನ್ನೂ ಸೀರೆಯ ಫಾಲನ್ನೂ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಆಮೇಲೆ ಬಳಸಬೇಕು. ಹಾಗೆ ಮಾಡದೆ ಹಚ್ಚಿದ ಫಾಲು ಮೊದಲ ಒಗೆತಕ್ಕೇ ಕುಗ್ಗಿ ಸೀರೆಯ ಅಂಚನ್ನು ಸುಕ್ಕುಗಟ್ಟಿಸುತ್ತದೆ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಎರಡು ತುಂಡುಗಳನ್ನು ಜಗ್ಗಿ ಹರಿಯಬಾರದು. ಒಂದು ಬದಿಯಲ್ಲಿ ಪ್ರತಿ ಮೂರು ನಾಲ್ಕು ಹೊಲಿಗೆಗೆ ಒಂದನ್ನು ಕತ್ತರಿಸುತ್ತಾ ಹೋಗಿ, ಮಗುಚಿ, ಇನ್ನೊಂದು ಬದಿಯ ದಾರವನ್ನು ಎಳೆದರೆ ಅದು ಉದ್ದಕ್ಕೂ ಒಂದೇ ಎಳೆಯಾಗಿ ಬರುತ್ತದೆ. ಬಿಚ್ಚಿದ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಹತ್ತಿಯಲ್ಲಿ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ಮುಚ್ಚುವುದಿಲ್ಲ. ಬಣ್ಣ ಮಾಸಿದ ರೇಷ್ಮೆ ಕುಪ್ಪಸವನ್ನು ಸಡಿಲ ಮಾಡಿದರೆ ಹಳೆಯ ಹೊಲಿಗೆಯ ಗೆರೆಯೂ, ಒಳಗೆ ಅಡಗಿದ್ದ ಗಾಢ ಬಣ್ಣವೂ ಹೊರಗೆ ಕಾಣುತ್ತವೆ. ಅಂಥದ್ದನ್ನು ಬಿಗಿ ಮಾಡಬಹುದೇ ಹೊರತು ಸಡಿಲ ಮಾಡಹೊರಡುವುದು ಜಾಣತನವಲ್ಲ.

ಕುಪ್ಪಸವನ್ನು ಸಡಿಲಿಸುವುದು, ಬಿಗಿ ಮಾಡುವುದು

ಮನೆಯ ಆಲ್ಟರ್ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಆಗಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದರ್ಜಿ ಹೊಲಿದ ಕುಪ್ಪಸದ ಬದಿಯನ್ನು ಒಳಗಿನಿಂದ ನೋಡಿದರೆ ಒಂದರ ಪಕ್ಕ ಒಂದು ಎರಡು ಮೂರು ಸಾಲು ಹೊಲಿಗೆ ಕಾಣುತ್ತದೆ. ಮುಂದೆ ಸಡಿಲ ಮಾಡಿಕೊಳ್ಳಲಿ ಎಂದೇ ಅವರು ಹಾಗೆ ಹಾಕಿರುತ್ತಾರೆ. ಮೈಗೆ ಹತ್ತಿರದ ಸಾಲನ್ನು ಬಿಚ್ಚಿದರೆ ಸಾಕು, ಮುಂದಿನ ಸಾಲು ಹಿಡಿದುಕೊಳ್ಳುತ್ತದೆ. ಸಿದ್ಧ ಉಡುಪಿನಲ್ಲಿ ಇಂಥ ಅನುಕೂಲವಿಲ್ಲ. ಅಂಚಿಗೆ ಎಳೆ ಬಿಚ್ಚದಂತೆ ಸುತ್ತುವ ಓವರ್‌ಲಾಕ್ ಹಾಕಿ ಉಳಿದ ಬಟ್ಟೆಯನ್ನೆಲ್ಲ ಕತ್ತರಿಸಿಬಿಟ್ಟಿರುತ್ತಾರೆ.

ಸಾಲುಗಳು ಇಲ್ಲದಿದ್ದರೆ ಲೆಕ್ಕ ಹಾಕಬೇಕು. ಕುಪ್ಪಸಕ್ಕೆ ಎರಡು ಬದಿ, ಪ್ರತಿ ಬದಿಯಲ್ಲಿ ಮುಂಭಾಗದ ಒಂದು ಪದರ, ಹಿಂಭಾಗದ ಒಂದು ಪದರ, ಅಂದರೆ ಒಟ್ಟು ನಾಲ್ಕು. ಹೊಲಿಗೆಯ ಗೆರೆಯನ್ನು ಕಾಲು ಇಂಚು ಸರಿಸಿದರೆ ಸುತ್ತಳತೆಯಲ್ಲಿ ಒಂದು ಇಂಚು ಬದಲಾಗುತ್ತದೆ. 34 ಇಂಚಿನ ಎದೆಯ ಸುತ್ತಳತೆಯನ್ನು 36 ಮಾಡಬೇಕಾದರೆ ಗೆರೆ ಅರ್ಧ ಇಂಚು ಸರಿದರೆ ಸಾಕು. ಒಂದು ಇಂಚು ಬಿಗಿ ಮಾಡಬೇಕೆಂದು ಪ್ರತಿ ಬದಿಗೆ ಒಂದೊಂದು ಇಂಚು ಒಳಗೆ ಹೊಲಿದುಬಿಟ್ಟರೆ ನಾಲ್ಕು ಇಂಚು ಹೋಗಿ, ಕುಪ್ಪಸ ಮೈಗೆ ಏರುವುದೇ ಇಲ್ಲ. ಸಡಿಲ ಮಾಡುವಾಗ ಹೊಸ ಗೆರೆಯ ಆಚೆ ಕನಿಷ್ಠ ಕಾಲು ಇಂಚು ಬಟ್ಟೆ ಉಳಿಯಬೇಕು. ಇಲ್ಲವಾದರೆ ಕೈ ಎತ್ತಿದಾಗ ಎಳೆ ಜಾರಿ ಹೊಲಿಗೆ ಬಾಯಿ ಬಿಡುತ್ತದೆ.

ತೋಳಿನ ಅಡಿ ಮತ್ತು ಕುಪ್ಪಸದ ಬದಿ ಒಂದೇ ಗೆರೆಯಲ್ಲಿ ಹೊಲಿದಿರುತ್ತದೆ, ಆದ್ದರಿಂದ ತೋಳಿನ ತುದಿಯಿಂದ ಆರಂಭಿಸಿ, ಕಂಕುಳಿನ ಮೂಲೆಯಲ್ಲಿ ನಾಲ್ಕು ಹೊಲಿಗೆಗಳೂ ಸೇರುವ ಜಾಗಕ್ಕೆ ಗುಂಡುಸೂಜಿ ಚುಚ್ಚಿ ಹೊಂದಿಸಿ, ಕೆಳ ಅಂಚಿನವರೆಗೆ ಒಂದೇ ಓಟದಲ್ಲಿ ಹೊಲಿಯಬೇಕು. ತೋಳು ಸರಿಯಾಗಿದ್ದು ಎದೆ ಮಾತ್ರ ಬಿಗಿಯಾಗಿದ್ದರೆ ಹೊಸ ಗೆರೆಯನ್ನು ತೋಳಿನ ಮೇಲೆ ಮೆಲ್ಲಗೆ ಹಳೆಯ ಗೆರೆಯೊಳಗೆ ಸೇರಿಸಿಬಿಡಬಹುದು. ಮೊದಲು ಕೈಯಿಂದ ದೂರದೂರದ ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಕೈ ಮುಂದೆ ಚಾಚಿ, ಮೇಲೆತ್ತಿ ನೋಡಬೇಕು. ನಿಂತು ನೋಡಿದರೆ ಎಲ್ಲ ಕುಪ್ಪಸವೂ ಸರಿಯಾಗಿಯೇ ಕಾಣುತ್ತದೆ. ಸರಿಯೆನಿಸಿದ ಮೇಲೆ ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಬೀಳುವಂತೆ ಮೆಷಿನ್ನಿನಲ್ಲಿ ಹೊಲಿದು, ಎರಡೂ ತುದಿಯಲ್ಲಿ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಬೇಕು.

ಸಡಿಲ ಮಾಡುವಷ್ಟು ಬಟ್ಟೆ ಒಳಗೆ ಇಲ್ಲದಿದ್ದರೆ ಬದಿಯನ್ನು ತೋಳಿನ ತುದಿಯಿಂದ ಕೆಳ ಅಂಚಿನವರೆಗೆ ಪೂರ್ತಿ ಬಿಚ್ಚಿ, ನಡುವೆ ಪಟ್ಟಿ ಸೇರಿಸುವುದೊಂದೇ ಉಪಾಯ. ಒಟ್ಟು ಎರಡು ಇಂಚು ಬೇಕಿದ್ದರೆ ಪ್ರತಿ ಬದಿಗೆ ಒಂದು ಇಂಚಿನ ಪಟ್ಟಿ ಕಾಣಬೇಕು. ಹೊಲಿಗೆಯಾಚೆ ಒಳಗೆ ಉಳಿದ ಬಟ್ಟೆ, ಅಂದರೆ ಹಳೆಯ ಮಾರ್ಜಿನ್, ಅರ್ಧ ಇಂಚಾಗಿದ್ದರೆ ಪಟ್ಟಿಯನ್ನು ಎರಡು ಇಂಚು ಅಗಲ ಕತ್ತರಿಸಬೇಕು. ಬಣ್ಣ ಹೊಂದುವ ಬಟ್ಟೆ ಸಿಗದಿದ್ದರೂ ಚಿಂತೆಯಿಲ್ಲ, ಸೀರೆಯ ಸೆರಗಿನೊಳಗೆ ಕಂಕುಳನ್ನು ಯಾರೂ ಇಣುಕಿ ನೋಡುವುದಿಲ್ಲ.

ಪ್ಯಾಂಟು, ಚೂಡಿದಾರ

ಪ್ಯಾಂಟಿನ ಉದ್ದವನ್ನು ಅದನ್ನು ತೊಟ್ಟು, ಸಾಮಾನ್ಯವಾಗಿ ಹಾಕುವ ಚಪ್ಪಲಿಯನ್ನೂ ಹಾಕಿಕೊಂಡು ಗುರುತು ಮಾಡಬೇಕು. ನಮ್ಮೂರಿನ ಕೆಸರಿನ ದಿನಗಳನ್ನು ನೆನೆದರೆ ಹಿಮ್ಮಡಿಗಿಂತ ಅರ್ಧ ಇಂಚು ಮೇಲೆ ನಿಲ್ಲಿಸುವುದೇ ಲೇಸು. ಕೆಳಗೆ ಹೋದಂತೆ ಕಿರಿದಾಗುವ ಪ್ಯಾಂಟಿನಲ್ಲಿ ಮೇಲಕ್ಕೆ ಮಡಚಿದ ಅಂಚು, ಅದು ತಾಗಿ ಕೂರಬೇಕಾದ ಜಾಗಕ್ಕಿಂತ ಸುತ್ತಳತೆಯಲ್ಲಿ ಚಿಕ್ಕದಾಗಿ ಬಟ್ಟೆಯನ್ನು ಹಿಡಿದೆಳೆಯುತ್ತದೆ. ಮಡಿಕೆಯೊಳಗೆ ಬರುವಷ್ಟು ಭಾಗದಲ್ಲಿ ಮಾತ್ರ ಒಳಬದಿಯ ಹೊಲಿಗೆ ಬಿಚ್ಚಿಬಿಟ್ಟರೆ ಅದು ಚಪ್ಪಟೆಯಾಗಿ ಕೂರುತ್ತದೆ. ಹೆಮ್ಮಿಂಗ್ ಮಾಡುವಾಗ ಹೊರಬದಿಯ ಒಂದೆರಡು ಎಳೆಯನ್ನಷ್ಟೇ ಸೂಜಿ ಹಿಡಿಯಬೇಕು, ದಾರವನ್ನು ಬಿಗಿಯಾಗಿ ಎಳೆಯಬಾರದು. ದರ್ಜಿ ಹೊಲಿದ ಗಂಡಸರ ಪ್ಯಾಂಟಿನ ಸೊಂಟಪಟ್ಟಿಗೆ ಸಾಮಾನ್ಯವಾಗಿ ಹಿಂದೆ ನಡುವಿನಲ್ಲಿ ಜೋಡಣೆ ಇದ್ದು, ಅಲ್ಲಿಯೇ ಒಳಗೆ ಒಂದು ಇಂಚಿನಷ್ಟಾದರೂ ಬಟ್ಟೆ ಬಿಟ್ಟಿರುತ್ತಾರೆ. ಸೊಂಟ ಸಡಿಲ ಮಾಡಲು ಆ ನಡುಗೆರೆಯನ್ನಷ್ಟೇ ಬಿಚ್ಚಬೇಕು, ಬದಿಯಲ್ಲಿ ಜೇಬುಗಳಿರುವುದರಿಂದ ಆ ಕಡೆ ಹೋಗಬಾರದು.

ಚೂಡಿದಾರದ ಟಾಪನ್ನು ಬಿಗಿ ಮಾಡುವಾಗ ಹೊಸ ಗೆರೆ ಬದಿಯ ಕಟ್ ಆರಂಭವಾಗುವುದಕ್ಕೆ ಮೂರು ನಾಲ್ಕು ಇಂಚು ಮೊದಲೇ ಹಳೆಯ ಗೆರೆಯನ್ನು ಸೇರಲಿ. ಟೀ ಶರ್ಟಿನಂಥ ಜಗ್ಗುವ ಬಟ್ಟೆಯನ್ನು ನೇರ ಹೊಲಿಗೆಯ ಮೆಷಿನ್ನಿನಲ್ಲಿ ಹೊಲಿದರೆ ಮೊದಲ ಸಲ ಜಗ್ಗಿದಾಗಲೇ ದಾರ ಹರಿಯುವುದರಿಂದ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಮೊದಲ ಹೊಸ ಬಟ್ಟೆ

ನಾಲ್ಕಾರು ಬಟ್ಟೆ ಬಿಚ್ಚಿ ಹೊಲಿದ ಮೇಲೆ ಹೊಸದನ್ನು ಕತ್ತರಿಸಬಹುದು, ಆದರೆ ಪುಸ್ತಕದ ಅಳತೆಯಿಂದಲ್ಲ. ಮೈಗೆ ಚೆನ್ನಾಗಿ ಕೂರುತ್ತಿದ್ದು, ಈಗ ಸವೆದುಹೋಗಿರುವ ನೈಟಿಯನ್ನೋ ಒಳಲಂಗವನ್ನೋ ಪೂರ್ತಿ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ಹಳೆಯ ಪತ್ರಿಕೆಯ ಮೇಲೆ ಗೆರೆ ಎಳೆದುಕೊಳ್ಳಬೇಕು. ಕೊರಳು, ಕಂಕುಳಿನಂಥ ಓರೆ ಅಂಚುಗಳು ವರ್ಷಗಟ್ಟಲೆ ತೊಟ್ಟು ಜಗ್ಗಿರುತ್ತವೆ, ಎಡ ಬಲ ಒಂದೇ ರೀತಿ ಇರುವುದಿಲ್ಲ. ತುಂಡನ್ನು ನಡುವಿಗೆ ಮಡಚಿ, ಕಡಿಮೆ ಜಗ್ಗಿದ ಬದಿಯನ್ನೇ ಅಚ್ಚಾಗಿ ಹಿಡಿದರೆ ಎರಡೂ ಬದಿ ಸಮನಾಗುತ್ತದೆ. ಪ್ರತಿ ತುಂಡಿನ ಮೇಲೆ ಉದ್ದೆಳೆಯ ದಿಕ್ಕಿಗೆ ಬಾಣದ ಗುರುತು ಹಾಕಿ, ಹೊಸ ಬಟ್ಟೆಯಲ್ಲಿ ಆ ಬಾಣ ಅಂಚುಕಟ್ಟಿಗೆ, ಅಂದರೆ ಬಟ್ಟೆಯ ಉದ್ದಕ್ಕೂ ಇರುವ ನೇಯ್ದ ಅಂಚಿಗೆ, ಸಮಾನಾಂತರವಾಗಿ ಬರುವಂತೆ ಇಡಬೇಕು. ಬಟ್ಟೆ ಉಳಿಸುವ ಆಸೆಯಿಂದ ಓರೆಯಾಗಿ ಇಟ್ಟರೆ ಒಗೆದ ಮೇಲೆ ನೈಟಿ ಮೈಸುತ್ತ ತಿರುಚಿಕೊಳ್ಳುತ್ತದೆ.

ಮನೆಯಲ್ಲಿ ಓವರ್‌ಲಾಕ್ ಇಲ್ಲದವರು ತೆಳುವಾದ ಹತ್ತಿಗೆ ಮುಚ್ಚುಹೊಲಿಗೆ ಹಾಕಬೇಕು. ಬಟ್ಟೆಯ ಹೊರಬದಿ ಹೊರಗೇ ಇರುವಂತೆ ಎರಡು ತುಂಡು ಕೂಡಿಸಿ ಅಂಚಿಗೆ ಹತ್ತಿರ ಒಂದು ಸಾಲು ಹೊಲಿದು, ಹೆಚ್ಚಿನ ಎಳೆಗಳನ್ನು ಕತ್ತರಿಸಿ, ಮಗುಚಿ, ಆ ಅಂಚು ಒಳಗೆ ಅಡಗುವಂತೆ ಇನ್ನೊಂದು ಸಾಲು ಹೊಲಿಯುವುದು. ಈ ಎರಡು ಸಾಲಿಗೂ ಬೇಕಾಗುವ ಮಾರ್ಜಿನನ್ನು ಕತ್ತರಿಸುವಾಗಲೇ ಸೇರಿಸಿರಬೇಕು. ನಿತ್ಯ ಒಗೆಯುವ, ಮಳೆಗಾಲವಿಡೀ ಅರೆತೇವದಲ್ಲೇ ಇರುವ ಬಟ್ಟೆಗೆ ಪಾಲಿಯೆಸ್ಟರ್ ದಾರ ಬಾಳಿಕೆ ಬರುತ್ತದೆ. ಹತ್ತಿಯ ದಾರ ಬೂಷ್ಟು ಹಿಡಿದು ಬಟ್ಟೆಗಿಂತ ಮೊದಲೇ ಶಿಥಿಲವಾಗುತ್ತದೆ.

ಉಳಿದ ಚೂರುಗಳನ್ನು ಎಸೆಯಬಾರದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವದಿಯನ್ನು ನೋಡಿದರೆ ಕೈಹೊಲಿಗೆಯ ಅತ್ಯುತ್ತಮ ಪಾಠ ಸಿಗುತ್ತದೆ. ಅವರು ಒಂದು ಮೂಲೆಯಿಂದ ತೊಡಗಿ, ಅಂಚಿನ ಸುತ್ತ ತುಂಡುಗಳನ್ನು ಸೇರಿಸುತ್ತಾ, ಒಂದೇ ಬಗೆಯ ನೇರ ಕೈಹೊಲಿಗೆಯಲ್ಲಿ ನಡುವಿನವರೆಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ತುಂಡಿನ ‘ಫೂಲ’ ಹಚ್ಚುತ್ತಾರೆ. ಹೊಲಿಗೆ ಕಲಿಯುವವರು ದಿಂಬಿನಷ್ಟು ಚಿಕ್ಕದೊಂದನ್ನು ಹಾಗೆ ಹೊಲಿದು ನೋಡಿದರೆ ಕೈಯ ಹೊಲಿಗೆ ತಾನಾಗಿ ಸಮವಾಗುತ್ತದೆ.

ಭುಜದ ಇಳಿತ, ಕಾಲರು, ಜರಿಯಂಚಿನ ತೋಳು, ಕೋಟು ಇವನ್ನು ದರ್ಜಿಗೇ ಬಿಡುವುದು ಮೇಲು. ಭುಜವನ್ನು ಅರ್ಧ ಇಂಚು ಕಿರಿದು ಮಾಡಬೇಕಾದರೂ ತೋಳನ್ನು ಪೂರ್ತಿ ಬಿಚ್ಚಿ, ಕಂಕುಳಿನ ಆಕಾರವನ್ನೇ ಹೊಸದಾಗಿ ಕತ್ತರಿಸಿ, ಮತ್ತೆ ಕೂರಿಸಬೇಕಾಗುತ್ತದೆ. ಅಂಥ ಬಟ್ಟೆಯನ್ನು ಕೊಡುವಾಗ ಎಲ್ಲಿ ಎಷ್ಟು ಬೇಕೆಂಬುದನ್ನು ಬಾಯಲ್ಲಿ ಹೇಳುವ ಬದಲು ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ತೋರಿಸಿದರೆ ಇಬ್ಬರಿಗೂ ತಕರಾರಿಲ್ಲ. ಹೊಸ ಕುಪ್ಪಸ ಹೊಲಿಯಲು ಕೊಡುವಾಗಲೂ, ಬದಿಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಿ, ಲೈನಿಂಗಿಗೂ ಅಷ್ಟೇ ಬಿಡಿ ಎಂದು ಅಳತೆ ಕೊಡುವ ಹೊತ್ತಿಗೇ ಹೇಳಿಬಿಡಬೇಕು. ಕತ್ತರಿ ಓಡಿದ ಮೇಲೆ ಹೇಳಿ ಪ್ರಯೋಜನವಿಲ್ಲ.