ಪಂಪಿನ ಕಣ್ಣು ತಪ್ಪಿಸಲು ಹೋಗಿ ಹರಳಿಗೆ ಮೋಸಹೋದದ್ದು

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುವ ಇರಿನೊಟೆಕಾನ್ ಮೈಯೊಳಗೆ ಎಸ್‌ಎನ್-38 ಆಗಿ ಬದಲಾದ ಮೇಲೆಯೇ ಅದರ ನಿಜವಾದ ಕೆಲಸ ಶುರು. ಲ್ಯಾಬ್‌ನಲ್ಲಿ ನಾನು ಎಸ್‌ಎನ್-38 ಅನ್ನೇ ಎಚ್‌ಟಿ-29 ಅನ್ನೋ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಹಾಕಿದೆ. ಮೊದಲು ತೀರಾ ಕಡಿಮೆ. ಬದುಕಿ ಉಳಿದವು ಬೆಳೆದ ಮೇಲೆ ಇನ್ನೊಂಚೂರು ಜಾಸ್ತಿ. ಹೀಗೆ ಏಳು ತಿಂಗಳು ಸಾಕಿದ ಮೇಲೆ ಮದ್ದಿಗೆ ಜಗ್ಗದ ಕೋಶಗಳು ಸಿಕ್ಕವು.

ಯಾಕೆ ಜಗ್ಗಲಿಲ್ಲ? ಕೋಶದ ಪೊರೆಯಲ್ಲಿ ಎಬಿಸಿಜಿ2 ಅನ್ನೋ ಪಂಪು ಇರುತ್ತದೆ. ಬಂದ ಮದ್ದನ್ನು ಅದು ಹೊರಗೆ ದಬ್ಬುತ್ತದೆ. ಕಳ್ಳ ಅದೇನಾ ಅಂತ ನೋಡಲು, ಪಂಪನ್ನು ತಡೆಯುವ ಕೆಒ143 ಜೊತೆಗೆ ಹಾಕಿದೆ. ಕೋಶಗಳು ಮತ್ತೆ ಸಾಯತೊಡಗಿದವು. ಈ ಪರೀಕ್ಷೆ ಬಿಡಬೇಡಿ. ಇದೇ ಕ್ಯಾನ್ಸರ್‌ಗೆ ಕೊಡುವ ಇನ್ನೊಂದು ಮದ್ದು 5-ಎಫ್‌ಯು ಕೆಲಸ ಮಾಡದಿರುವುದಕ್ಕೆ ಎಷ್ಟೋ ಸಲ ಕಾರಣವೇ ಬೇರೆ. ಅದು ಕಟ್ಟಿಹಾಕಬೇಕಾದ ಥೈಮಿಡಿಲೇಟ್ ಸಿಂಥೇಸ್ ಕಿಣ್ವವನ್ನೇ ಕೋಶ ಜಾಸ್ತಿ ಮಾಡಿಕೊಂಡಿರುತ್ತದೆ. ಅಲ್ಲಿ ಬರೀ ಸಾಗಿಸುವ ದಾರಿ ಬದಲಿಸಿದರೆ ಸಾಲದು.

ನನ್ನ ದಾರಿ ಪಿಎಲ್‌ಜಿಎ ನ್ಯಾನೊಕಣ, ಅಂದರೆ ಮೈಯೊಳಗೆ ನಿಧಾನವಾಗಿ ಕರಗಿಹೋಗುವ ಪಾಲಿಮರ್‌ನ ಅತಿಸಣ್ಣ ಕಣದೊಳಗೆ ಮದ್ದನ್ನು ತುಂಬುವುದು. ಕೋಶ ಅದನ್ನು ಪೊರೆಯಲ್ಲಿ ಸುತ್ತಿ ನುಂಗುತ್ತದೆ. ಹಾಗಾಗಿ ಪಂಪಿನ ಕೈಗೆ ಸಿಗದೆ ಮದ್ದು ಒಳಗಿಳಿಯಬೇಕು.

ಮೊದಲ ಬ್ಯಾಚಿನಲ್ಲಿ ಹೆಚ್ಚುಕಡಿಮೆ ಎಲ್ಲ ಮದ್ದೂ ಕಣದೊಳಗಿದೆ ಅಂತ ಲೆಕ್ಕ ಬಂತು. ಖುಷಿಯೋ ಖುಷಿ! ಕೋಶಗಳ ಮೇಲೆ ಹಾಕಿದರೆ ಬಿಡಿ ಮದ್ದಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಮೂರು ವಾರ ಸುಮ್ನೆ ಕೋಶಗಳನ್ನು ಬೈದುಕೊಂಡೆ.

ತಪ್ಪು ನನ್ನದೇ. ಎಸ್‌ಎನ್-38 ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಕಣಕ್ಕೆ ಸೇರದ ಮದ್ದು ಹರಳುಗಟ್ಟಿ, ಸೆಂಟ್ರಿಫ್ಯೂಜ್‌ನಲ್ಲಿ ಕಣಗಳ ಜೊತೆಗೇ ತಳಕ್ಕೆ ಕೂತಿತ್ತು. ನಾನು ಅಳೆದದ್ದು ಮೇಲಿನ ತಿಳಿನೀರನ್ನು ಮಾತ್ರ. ಅದರಲ್ಲಿಲ್ಲದ್ದೆಲ್ಲ ಕಣದಲ್ಲಿದೆ ಅಂದುಕೊಂಡಿದ್ದೆ. ಒಂದು ಹನಿ ಮೈಕ್ರೋಸ್ಕೋಪ್ ಕೆಳಗಿಟ್ಟಿದ್ದರೆ ಸೂಜಿಯಂಥ ಹರಳು ಮೊದಲ ದಿನವೇ ಕಾಣುತ್ತಿತ್ತು, ಅಲ್ವಾ?

ಆಮೇಲೆ ಮೊದಲು ನಿಧಾನವಾಗಿ ತಿರುಗಿಸಿ ಹರಳನ್ನು ಬೇರೆ ಮಾಡಿದೆ. ನಂತರ ಜೋರಾಗಿ ತಿರುಗಿಸಿ ಕಣಗಳನ್ನು ಇಳಿಸಿ, ಅವನ್ನೇ ಕರಗಿಸಿ ಅಳೆದೆ. ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯಿತು. ಪರವಾಗಿಲ್ಲ, ನಿಜವಾದ ಲೆಕ್ಕ. ತಯಾರಿಸುವಾಗ ದ್ರಾವಣವನ್ನು ಆಮ್ಲೀಯವಾಗಿಯೂ ಇಟ್ಟೆ. ಪಿಎಚ್ 7.4ರಲ್ಲಿ ಈ ಮದ್ದಿನ ಅಣುವಿನಲ್ಲಿರುವ ಲ್ಯಾಕ್ಟೋನ್ ಅನ್ನೋ ಉಂಗುರ ತೆರೆದುಕೊಂಡು ಅದರ ಶಕ್ತಿ ಹೋಗುತ್ತದೆ.

ಈ ಸಲ ಜಗ್ಗದ ಕೋಶಗಳು ಜಗ್ಗಿದವು. ಪೂರ್ತಿ ಮೂಲ ಎಚ್‌ಟಿ-29ರಷ್ಟಲ್ಲ, ಆದರೆ ಹತ್ತಿರ. ಖಾಲಿ ಕಣ ಹಾಕಿದ ತಟ್ಟೆಯಲ್ಲಿ ಏನೂ ಆಗಿರಲಿಲ್ಲ. ಕಣದ ಜೊತೆ ಕೆಒ143 ಹಾಕಿದರೂ ಸಾವು ಹೆಚ್ಚಲಿಲ್ಲ, ಅಂದರೆ ಮದ್ದು ಪಂಪಿನ ಕೈಗೆ ಸಿಗುತ್ತಿರಲಿಲ್ಲ. ನನಗೆ ನಂಬಿಕೆ ಬಂದದ್ದು ಅದನ್ನು ನೋಡಿದ ಮೇಲೆ.

ಈಗ ಕಣಗಳನ್ನು ಸೀರಮ್‌ನಲ್ಲಿಟ್ಟು ಸೋರಿಕೆ ಅಳೆಯುತ್ತಿದ್ದೇನೆ. ಮೊದಲ ಕೆಲವು ಗಂಟೆಗಳಲ್ಲೇ ಮದ್ದೆಲ್ಲ ಸೋರಿಸಿಬಿಡುವ ಬ್ಯಾಚು ಇನ್ನೂ ಆಗಾಗ ಬರುತ್ತದೆ.