ಕವಳ ಹಾಕೋರು ತಿಂಗಳಿಗೊಂದ್ಸಲ ಬಾಯಿ ನೋಡ್ಕೊಳ್ಳೋದು ಹೇಗೆ

ನಮ್ಮ ತೀರ್ಥಹಳ್ಳಿ ಕಡೆ ಊಟ ಆದ್ಮೇಲೆ ಕವಳದ (ಎಲೆ ಅಡಿಕೆ) ತಟ್ಟೆ ಬರ್ಲಿಲ್ಲ ಅಂದ್ರೆ ಊಟ ಮುಗಿದಂಗೇ ಅಲ್ಲ, ನಮ್ಮನೆ ಅನ್ನಾನೂ ಅಡಿಕೆ ತೋಟದ್ದೇ. ಆದ್ರೆ ನಮ್ ದೊಡ್ಡಪ್ಪ ಬಾಯಿ ಅಗಲ ತೆರೆಯಕ್ಕಾಗ್ದೆ ಕಡುಬು ಚೂರು ಚೂರು ಮಾಡಿ ತುರುಕ್ಕೊಳ್ಳೋದು ನೋಡಿದ್ಮೇಲೆ, ಅಡಿಕೆಯಿಂದ ಬಾಯಿ ಬಿಗಿಯೋದು, ಕ್ಯಾನ್ಸರ್ ಬರೋದು ಬೇಗ ಗೊತ್ತಾಗ್ಲಿ ಅಂತ ಇದನ್ನ ಬರೀಲೇಬೇಕು ಅನ್ನಿಸ್ತು.

ಬೆಳಿಗ್ಗೆ ಹಲ್ಲುಜ್ಜಿ, ಮೊದಲ್ನೇ ಕವಳಕ್ಕಿಂತ ಮುಂಚೆ, ಕೆಂಪು ಪೂರ್ತಿ ಹೋಗೋ ತನಕ ಬಾಯಿ ಮುಕ್ಕಳಿಸಿ ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡ್ಕೊಂಡು ನಿಂತ್ಕೊಳ್ಳಿ. ನಿಮ್ದೇ ಮೂರು ಬೆರಳು ಒಂದರ ಮೇಲೊಂದು ಸೇರಿಸಿ ಮುಂದಿನ ಹಲ್ಲುಗಳ ಮಧ್ಯ ಇಡಿ. ಮೂರೂ ಹೋಗ್ಬೇಕು, ಮುಂಚೆ ಹೋಗ್ತಿದ್ದು ಈಗ ಎರಡೇ ಹೋಗ್ತಿದೆ ಅಂದ್ರೆ ಡಾಕ್ಟರ್‌ಗೆ ತೋರ್ಸಿ.

ಆಮೇಲೆ ಕೆನ್ನೆ ಒಳಗೆ ಬೆರಳಾಡಿಸಿ. ಆರೋಗ್ಯವಾಗಿದ್ರೆ ಗುಲಾಬಿ ಬಣ್ಣ, ಮೆತ್ತಗೆ, ಎಳೆದ್ರೆ ಬರುತ್ತೆ. ಬೆಳ್ಳಗೆ ಬಿಳಿಚಿಕೊಂಡು ಒಳಗೆ ಹಗ್ಗ ಬಿಗಿದಂಗೆ ಪಟ್ಟಿ ಸಿಕ್ರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದ್ರೆ ಬಾಯಿ ಒಳಪದರದ ಕೆಳಗೆ ನಾರುಗಟ್ಟಿ ಬಿಗಿಯೋ ಕಾಯಿಲೆ, ಇರಬಹುದು. ಅಡಿಕೇಲಿರೋ ಅರೆಕೋಲಿನ್ ಅನ್ನೋ ರಾಸಾಯನಿಕ ಬಾಯಿ ಒಳಪದರದ ಕೆಳಗಿನ ಜೀವಕೋಶಗಳಿಗೆ ಕೊಲಾಜನ್ ಅನ್ನೋ ನಾರು ಜಾಸ್ತಿ ಮಾಡಿಸುತ್ತೆ, ಚೊಗರಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸ) ಇರುತ್ತಲ್ಲ ಟ್ಯಾನಿನ್, ಅದು ಆ ನಾರು ಕರಗದ ಹಾಗೆ ಗಟ್ಟಿ ಮಾಡುತ್ತೆ. ಹಳೇ ನಾರು ಹೋಗಲ್ಲ ಹೊಸದು ಬರ್ತಾನೇ ಇರುತ್ತೆ, ರಕ್ತನಾಳ ಕಮ್ಮಿಯಾಗುತ್ತೆ ಅದಕ್ಕೇ ಬಿಳುಪು, ಮೇಲಿನ ಪದರ ತೆಳ್ಳಗಾಗುತ್ತೆ ಅದಕ್ಕೇ ಖಾರ ಮುಟ್ಟಿದ್ರೆ ಉರಿ. ದೊಡ್ಡಪ್ಪ ಸಾರಿಗೆ ಮೊಸರು ಕಲಸ್ಕೊಂಡು ತಿಂತಿದ್ದಿದ್ದು ಇದಕ್ಕೇ, ನಾವು ಹೊಟ್ಟೆ ಉರಿ ಅಂದ್ಕೊಂಡಿದ್ವಿ.

ನಾಲಿಗೆ ಎತ್ತಿ ಅಡಿ ನೋಡಿ, ಎರಡೂ ಅಂಚು ನೋಡಿ. ಒರೆಸಿದ್ರೂ ಹೋಗದ ಬಿಳಿ ಮಚ್ಚೆ ಇದ್ರೆ, ಕತ್ತಿ ಹಿಡಿದ ಕೈ ಜಡ್ಡುಗಟ್ಟುತ್ತಲ್ಲ ಹಂಗೆ ಮೇಲಿನ ಪದರ ದಪ್ಪ ಆಗಿರಬಹುದು, ಒಳಗೆ ಕೋಶಗಳ ಸಾಲು ಕೆಟ್ಟಿದ್ಯೋ ಇಲ್ವೋ ಕಣ್ಣಿಗೆ ಗೊತ್ತಾಗಲ್ಲ. ವೆಲ್ವೆಟ್ ತರ ಕೆಂಪು ಮಚ್ಚೆ ಇನ್ನೂ ಅಪಾಯ. ಎರಡು ವಾರ ಆದ್ರೂ ಮಾಯದ ಹುಣ್ಣು, ನೋವಿಲ್ದಿದ್ರೂ, ತೋರಿಸ್ಲೇಬೇಕು.

ನಾನು ಹೊಗೆಸೊಪ್ಪು ಹಾಕಲ್ಲ ಅಂತ ಧೈರ್ಯವಾಗಿರೋರು ಕೇಳಿ, ಬರೀ ಅಡಿಕೇನೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಬೆಳೆಗಾರನ ಮಗಳಾಗಿ ಇದನ್ನ ಬರೆಯೋದು ಕಷ್ಟಾನೇ.

ಇಂಥದ್ದೇನಾದ್ರೂ ಕಂಡು ಶಿವಮೊಗ್ಗಕ್ಕೆ ಡಾಕ್ಟರ್ ಹತ್ರ ಹೋದ್ರೆ ಬಯಾಪ್ಸಿ, ಅಂದ್ರೆ ತುಂಡು ತೆಗೆದು ಪರೀಕ್ಷೆ, ಅಂತಾರೆ, ಹೆದರ್ಬೇಡಿ, ತುಂಡು ತೆಗೆದ್ರೆ ಹರಡುತ್ತೆ ಅನ್ನೋದು ತಪ್ಪು ಕಲ್ಪನೆ. ಮರಗಟ್ಟಿಸಿ ಚಿಕ್ಕ ತುಂಡು ತೆಗೀತಾರೆ, ಕೆಡದ ಹಾಗೆ ಇಡೋ ಫಾರ್ಮಲಿನ್ ದ್ರಾವಣಕ್ಕೆ ಹಾಕಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ 4-5 ಮೈಕ್ರಾನ್ ಸೀಳಿ ಗಾಜಿನ ಸ್ಲೈಡ್ ಮೇಲಿಟ್ಟು ಬಣ್ಣ ಹಾಕ್ತಾರೆ, ನ್ಯೂಕ್ಲಿಯಸ್ (ಕೋಶದ ಒಳಗಿನ ಬೀಜ) ನೀಲಿ ಉಳಿದಿದ್ದು ಗುಲಾಬಿ. ನ್ಯೂಕ್ಲಿಯಸ್ ದೊಡ್ಡದಾಗಿ ಕಪ್ಪಗಾಗಿ ಸಾಲು ತಪ್ಪಿದ್ರೆ ರಿಪೋರ್ಟಲ್ಲಿ ಡಿಸ್‌ಪ್ಲೇಸಿಯಾ ಅಂತಿರುತ್ತೆ, ಮೈಲ್ಡ್ (ಕಮ್ಮಿ), ಮಾಡರೇಟ್ (ಮಧ್ಯಮ), ಸಿವಿಯರ್ (ಜೋರು). ಅದು ಇನ್ನೂ ಹರಡೋ ಕ್ಯಾನ್ಸರ್ ಅಲ್ಲ. ಆ ಕೋಶಗಳು ಬೇಸ್‌ಮೆಂಟ್ ಮೆಂಬ್ರೇನ್ ಅನ್ನೋ ತೆಳು ಬೇಲಿ ದಾಟಿ ಕೆಳಗಿಳಿದ್ರೆ ಮಾತ್ರ ಆ ಹೆಸರು, ಅದಕ್ಕೇ ಬೇಲಿ ದಾಟೋ ಮುಂಚೆ ಹೋಗ್ಬೇಕು.

ರಿಪೋರ್ಟ್ ಬಿಸಾಕ್ಬೇಡಿ. ಬೆಂಗಳೂರಲ್ಲಿ ಇನ್ನೊಬ್ರ ಹತ್ರ ತೋರ್ಸೋದಾದ್ರೆ ಮೇಣದ ಬ್ಲಾಕು, ಸ್ಲೈಡು ಎರಡೂ ಕೇಳಿ ಇಸ್ಕೊಳ್ಳಿ, ಮತ್ತೆ ತುಂಡು ತೆಗೆಯೋದು ತಪ್ಪಬಹುದು.